ಅಡಿವೆಪ್ಪ ಅವ್ವನನ್ನು ಗಾಡಿ ಮೇಲೆ ಕೂರಿಸಿದ್ದು

ಕೂತವರು ಆಗಾಗ ಹೂಂ ಅನ್ನುತ್ತಿರಬೇಕು. ಅನ್ನದಿದ್ದರೆ ಕತೆ ನಡುದಾರಿಯಲ್ಲೇ ಕಾಲು ಚಾಚಿ ಮಲಗಿಬಿಡುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ.

ಜಾಲಿಹಾಳ ಅಂತ ಒಂದು ಊರು. ಆ ಊರಲ್ಲಿ ಬಾಳವ್ವ ಅಂತ ಒಬ್ಬ ತಾಯಿ, ಅವಳಿಗೆ ಅಡಿವೆಪ್ಪ ಅಂತ ಒಬ್ಬನೇ ಮಗ. ಎತ್ತರ ನೋಡಿದರೆ ಬಾಗಿಲ ಪಟ್ಟಿಗೆ ತಲೆ ತಾಗುತ್ತಿತ್ತು, ಬುದ್ಧಿ ನೋಡಿದರೆ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಕೆಟ್ಟವನಲ್ಲ, ಸುಳ್ಳನಲ್ಲ, ಮೈಗಳ್ಳನಂತೂ ಅಲ್ಲವೇ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೊಂದೇ ಅವನ ಕಾಯಿಲೆ. ಇವನನ್ನು ಹೆಂಗಪ್ಪಾ ಸುಧಾರಿಸಲಿ ಅಂತ ಬಾಳವ್ವ ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳುತ್ತಿದ್ದಳು, ಹತ್ತು ಸಲವೂ ಆಮೇಲೆ ಅವನಿಗೇ ಮೊದಲು ಉಣ್ಣಲು ಇಡುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಅಂದಿಲ್ಲ.

ಬಾಳವ್ವ ಬಡಿದ ಜೋಳದ ರೊಟ್ಟಿ ತಿಂದವರು ಇನ್ನೊಂದು ಕೇಳದೆ ಎದ್ದಿದ್ದಿಲ್ಲ. ಪೇಟೆಯಲ್ಲಿ ಖಾನಾವಳಿ ನಡೆಸುವ ನೀಲವ್ವ ಒಂದು ದಿನ ಆ ರೊಟ್ಟಿ ತಿಂದು, ನನ್ನ ಖಾನಾವಳಿಯ ಒಲೆ ಇನ್ನು ನಿನ್ನದು ಅಂದಳು. ಆದರೆ ದಿನಾ ಬೆಳಿಗ್ಗೆ ಹತ್ತರೊಳಗೆ ಒಲೆಯ ಮುಂದೆ ಇರಬೇಕು. ಶ್ರಾವಣದ ಮೊದಲ ಸೋಮವಾರದಿಂದ ಬರಬೇಕು, ಅವತ್ತು ಬರದಿದ್ದರೆ ಬೇರೆಯವಳನ್ನು ನೋಡಿಕೊಳ್ಳುತ್ತೇನೆ ಅಂತಲೂ ಅಂದಳು. ಪೇಟೆ ಐದು ಕಿಲೋಮೀಟರ್. ಊರಿಗೆ ಮೊದಲ ಬಸ್ಸು ಬರುವುದೇ ಹನ್ನೊಂದಕ್ಕೆ. ಬಾಳವ್ವನ ಕೈ ಇನ್ನೂ ಗಟ್ಟಿ ಇತ್ತು, ಮೊಣಕಾಲು ಮಾತ್ರ ನೀರಿನ ನಲ್ಲಿಯ ತನಕವೂ ನಡೆಯುತ್ತಿರಲಿಲ್ಲ. ಹೀಗಾಗಿ ಗಂಡ ಬಿಟ್ಟುಹೋದ ಎತ್ತಿನ ಜೋಡಿ ಮಾರಿದಳು. ಒಂದು ಮೋಟಾರ್ ಸೈಕಲ್ ತಂದು, ಓಡಿಸೋದು ಕಲಿತು, ನನ್ನನ್ನು ದಿನಾ ಖಾನಾವಳಿಗೆ ಮುಟ್ಟಿಸು ಅಂತ ಮಗನಿಗೆ ಹೇಳಿದಳು.

ಎಂಥ ಗಾಡಿ ತರಲಿ ಅಂತ ಅವನು ಕೇಳಿದ. ಗಾಡಿಯ ಗೋತ್ರ ಬಾಳವ್ವನಿಗೇನು ಗೊತ್ತು? ನಿಮ್ಮಪ್ಪ ಸಂತೆಯಲ್ಲಿ ಎತ್ತು ಹೆಂಗೆ ನೋಡಿ ತರುತ್ತಿದ್ದನೋ ಹಂಗೇ ನೋಡಿ ತಾ ಅಂದಳು.

ಅಡಿವೆಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು, ಕಂಕುಳಲ್ಲಿ ಎತ್ತಿಗೆ ಹಾಕುವ ಒಂದು ಹಿಡಿ ಜೋಳದ ಕಣಿಕೆ ಇಟ್ಟುಕೊಂಡು, ಹಳೇ ಗಾಡಿ ಮಾರುವ ಹುಸೇನಸಾಬನ ಅಂಗಡಿಗೆ ಹೋದ. ಒಂದೊಂದು ಗಾಡಿಯ ಮುಂದೆಯೂ ಕೂತು ಹಲ್ಲು ಎಲ್ಲಿದೆ ಅಂತ ಹುಡುಕಿದ. ಹಿಂದೆ ಹೋಗಿ ಬೆನ್ನು ತಟ್ಟಿದ. ಒಂದನ್ನು ಹಿಡಿದು ಅಂಗಡಿಯ ಮುಂದೆ ಮೂರು ಸಲ ಅತ್ತಿಂದಿತ್ತ ನಡೆಸಿ, ಕುಂಟುವುದಿಲ್ಲ ಅಂತ ತಲೆದೂಗಿದ. ಆಮೇಲೆ ಎಲ್ಲದರ ಮುಂದೂ ಎರಡೆರಡು ಕಣಿಕೆ ಇಟ್ಟು ಕಾದ. ಯಾವುದೂ ಮೂಸಿ ಕೂಡ ನೋಡಲಿಲ್ಲ. ಅಯ್ಯೋ, ಎಲ್ಲಕ್ಕೂ ಜಡ್ಡು ಬಂದಿದೆ ಅಂತ ಅವನಿಗೆ ಕನಿಕರವಾಯಿತು. ಕೊನೆಗೆ ಹುಸೇನಸಾಬನ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಬೆರಳು ಒತ್ತತೊಡಗಿದ. ದನದ ಸಂತೆಯಲ್ಲಿ ಬೆಲೆ ಮಾತಾಡುವುದು ಹಾಗೇ ತಾನೆ, ಟವೆಲಿನ ಕೆಳಗೆ, ಬೆರಳಲ್ಲಿ, ನಿಂತವರಿಗೆ ತಿಳಿಯದ ಹಾಗೆ.

ಹುಸೇನಸಾಬ ಮೊದಲು ಬೆದರಿದ, ಆಮೇಲೆ ಬೈದ, ಆಮೇಲೆ ಆ ಮುಖ ನೋಡಿ ಕೂರಿಸಿ ಚಹಾ ಕೊಟ್ಟ. ಮೊದಲು ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡು ಬಾ, ಆಮೇಲೆ ಗಾಡಿ ಮೇಲೆ ಕೂಡುವವರ ಎತ್ತರ ನೋಡಿ ಗಾಡಿ ಆರಿಸು ಅಂತ ಹೇಳಿ ಕಳಿಸಿದ.

ಮನೆಯಲ್ಲಿ ಬಾಳವ್ವ ತಲೆ ಮೇಲೆ ಕೈ ಹೊತ್ತು ಕೂತಳು. ಎತ್ತೇ ಬೇರೆ, ಗಾಡಿಯೇ ಬೇರೆ ಅಂತ ಬೈದಳು. ನಾಳೆ ಲೈಸೆನ್ಸ್ ಆಫೀಸಿನಲ್ಲಾದರೂ ಜಾಣತನ ಮಾಡಬೇಡ, ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳು ಅಂತ ಬುದ್ಧಿ ಹೇಳಿದಳು.

ಆಯಿತು, ಇದ್ದದ್ದು ಇದ್ದ ಹಾಗೆ. ಆಫೀಸಿನಲ್ಲಿ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ನೀವು ಗಾಡಿ ಓಡಿಸುತ್ತಿರುವಾಗ ಮುದುಕರೊಬ್ಬರು ರಸ್ತೆ ದಾಟುತ್ತಿದ್ದರೆ ಏನು ಮಾಡುತ್ತೀರಿ ಅಂತ ಅದು ಕೇಳಿತು. ಅಡಿವೆಪ್ಪ ಸುಮ್ಮನೆ ಕೂತ. ಎದುರಿನಿಂದ ಲಾರಿ ಬಂದರೆ ಏನು ಮಾಡುತ್ತೀರಿ ಅಂತ ಕೇಳಿತು. ಅದಕ್ಕೂ ಸುಮ್ಮನೆ ಕೂತ. ಹೊತ್ತು ಮುಗಿದು ನಾಪಾಸು ಅಂತ ಬಂತು. ಯಾಕೆ ಒಂದನ್ನೂ ಒತ್ತಲಿಲ್ಲ ಅಂತ ಇನ್‌ಸ್ಪೆಕ್ಟರ್ ಮೇಡಂ ಕೇಳಿದರೆ, ಎದ್ದು ನಿಂತು ಕೈ ಕಟ್ಟಿಕೊಂಡ.

"ನಾ ಇನ್ನೂ ಗಾಡಿ ಓಡಿಸಿಲ್ರಿ ಮೇಡಂ. ಓಡಿಸ್ತೀನಿ ಅಂತ ಹೆಂಗ ಸುಳ್ಳು ಹೇಳ್ಲಿ?"

ಮೇಡಂ ಕಣ್ಣು ಮುಚ್ಚಿ ತೆರೆದರು. ಒಂದು ವಾರ ಬಿಟ್ಟು ಬಾ, ಅಷ್ಟರಲ್ಲಿ ರಸ್ತೆಯ ಬೋರ್ಡುಗಳನ್ನೆಲ್ಲ ಬಾಯಿಪಾಠ ಮಾಡು ಅಂತ ಒಂದು ಪುಸ್ತಕ ಕೊಟ್ಟರು. ಬಾಳವ್ವ ಇದನ್ನು ಕೇಳಿ ಮತ್ತೆ ಹಣೆ ಚಚ್ಚಿಕೊಂಡಳು. ಒಂದು ವಾರ ಒಲೆಯ ಮುಂದೆ ಕೂರಿಸಿಕೊಂಡು ಓದಿಸಿದಳು. ಅವಳಿಗೆ ಅಕ್ಷರ ಬಾರದು, ಆದರೆ ಚಿತ್ರ ತೋರಿಸಿ ಕೇಳುತ್ತಿದ್ದಳು, ಇವನು ಹೇಳುತ್ತಿದ್ದ. ರಸ್ತೆಯಲ್ಲಿ ಏನು ಬರೆದಿರುತ್ತದೋ ಹಂಗೇ ಮಾಡು, ನಿನ್ನ ತಲೆ ಓಡಿಸಬೇಡ ಅಂತ ಹೇಳಿ ಕಳಿಸಿದಳು.

ಅವನು ನಡೆದು ಹೊರಟ. ದಾರಿಯಲ್ಲಿ ಒಂದು ಢಾಬಾ, ಅದರ ಮುಂದೆ ಸಾಲಾಗಿ ನಾಲ್ಕು ಲಾರಿ ನಿಂತಿದ್ದವು. ನಾಲ್ಕರ ಬೆನ್ನ ಮೇಲೂ ದಪ್ಪಕ್ಷರದಲ್ಲಿ 'ಹಾರ್ನ್ ಮಾಡಿ' ಅಂತ ಬರೆದಿತ್ತು. ಅಡಿವೆಪ್ಪನ ಹತ್ತಿರ ಹಾರ್ನ್ ಎಲ್ಲಿಂದ ಬರಬೇಕು, ಬಾಯಿ ಮಾತ್ರ ಇತ್ತು. ಮೊದಲ ಲಾರಿಯ ಹಿಂದೆ ನಿಂತು ಪೊಂಯ್ ಪೊಂಯ್ ಅಂದ. ಎರಡನೆಯದರ ಹಿಂದೆ ನಿಂತು ಪೊಂಯ್ ಪೊಂಯ್ ಅಂದ. ಮೂರನೆಯದಕ್ಕೆ ಬರುವಷ್ಟರಲ್ಲಿ ಗಂಟಲು ಒಣಗಿತ್ತು, ಆದರೂ ಬಿಡಲಿಲ್ಲ. ನಾಲ್ಕನೆಯದರ ಡ್ರೈವರ್ ನಿದ್ದೆಗಣ್ಣಲ್ಲಿ ಇಳಿದು ಬಂದು ಕೊರಳಪಟ್ಟಿ ಹಿಡಿದ. ಅಡಿವೆಪ್ಪ ಬರಹ ತೋರಿಸಿದ. ಡ್ರೈವರಿಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಕಂಡದ್ದನ್ನೆಲ್ಲ ಓದಿ ಕೂಗಬೇಡ, ಏನೇ ಮಾಡುವ ಮೊದಲು ಎಡಕ್ಕೆ ನೋಡು, ಬಲಕ್ಕೆ ನೋಡು, ಆಮೇಲೆ ಮುಂದೆ ಹೋಗು ಅಂತ ಬೈದು ಬಿಟ್ಟ.

ಆಯಿತು, ಎಡಕ್ಕೆ ನೋಡು, ಬಲಕ್ಕೆ ನೋಡು. ಪರೀಕ್ಷೆಯಲ್ಲಿ ಕಂಪ್ಯೂಟರ್ ಒಂದು ಬೋರ್ಡ್ ತೋರಿಸಿತು. ಅಡಿವೆಪ್ಪ ಎಡಗಡೆ ಕೂತವನ ಕಂಪ್ಯೂಟರ್ ನೋಡಿದ, ಬಲಗಡೆ ಕೂತವಳ ಕಂಪ್ಯೂಟರ್ ನೋಡಿದ, ಆಮೇಲೆ ಒತ್ತಿದ. ಎರಡನೆಯದಕ್ಕೂ ಹಾಗೇ ಮಾಡಿದ. ಕಾಪಿ ಹೊಡೆಯುತ್ತೀಯಾ ಅಂತ ಮೇಡಂ ರೇಗಿ ಅವನನ್ನು ಎಬ್ಬಿಸಿ, ಎರಡೂ ಪಕ್ಕ ಗೋಡೆಯಿರುವ ಮೂಲೆಗೆ ಕೂರಿಸಿದರು. ಅಲ್ಲಿ ಅವನು ಎಡಗಡೆ ಗೋಡೆ ನೋಡಿದ, ಬಲಗಡೆ ಗೋಡೆ ನೋಡಿದ, ಆಮೇಲೆ ಒತ್ತಿದ. ಕೊನೆಯ ತನಕ ಹಾಗೇ ಮಾಡಿದ. ನೋಡಿದರೆ ಎಲ್ಲವೂ ಸರಿ. ಅವ್ವ ಒಲೆಯ ಮುಂದೆ ಕೂರಿಸಿ ಕಲಿಸಿದ್ದು ಸುಳ್ಳಾಗುತ್ತದೆಯೇ?

ಮೇಡಂ ಲೈಸೆನ್ಸಿನ ಚೀಟಿ ಕೈಗೆ ಕೊಟ್ಟು, ನೀನು ಇನ್ನೂ ಕಲಿಯುವವನು, ಅದಕ್ಕೆ ನಿಯಮ ಇದೆ ಅಂದರು. ಗಾಡಿಯ ಮುಂದೆ, ಹಿಂದೆ ಕೆಂಪು ಬಣ್ಣದಲ್ಲಿ ಎಲ್ ಅಂತ ಬರೆಸಬೇಕು. ಗಾಡಿ ಮೇಲೆ ಕೂತ ತಲೆಗೆ ಹೆಲ್ಮೆಟ್ ಇರಬೇಕು. ಪಕ್ಕಾ ಲೈಸೆನ್ಸ್ ಸಿಗಲು ಒಂದು ತಿಂಗಳಾದರೂ ಬೇಕು, ಅಲ್ಲಿಯ ತನಕ ನೀನು ಓಡಿಸುವಾಗ ಮನೆಯವರನ್ನಾಗಲಿ ಗೆಳೆಯರನ್ನಾಗಲಿ ಹಿಂದೆ ಕೂರಿಸಬಾರದು. ಅಡಿವೆಪ್ಪ ಮೂರು ಸಲ ಹೇಳಿ ಒಪ್ಪಿಸಿದ. ಮನೆಗೆ ಬಂದು ಪಾಸಾದೆ ಅಂದ. ನಿಯಮ ಏನು ಅಂತ ಬಾಳವ್ವ ಕೇಳಲಿಲ್ಲ, ಕೇಳದ್ದನ್ನು ಇವನು ಹೇಳಲಿಲ್ಲ.

ಮರುದಿನ ಹುಸೇನಸಾಬನ ಅಂಗಡಿಗೆ ಒಂದು ಕೋಲು ಹಿಡಿದು ಹೋದ. ಒಂದೊಂದು ಗಾಡಿಯ ಪಕ್ಕದಲ್ಲೂ ಕೋಲು ನಿಲ್ಲಿಸಿ ಸೀಟಿನ ಎತ್ತರ ಅಳೆದ. ಇಷ್ಟುದ್ದದ ಆಳು ಕೊನೆಗೆ ಆರಿಸಿದ್ದು ಒಂದು ಗಿಡ್ಡ ಕೆಂಪು ಗಾಡಿ. ಕೂತರೆ ಅವನ ಮೊಣಕಾಲು ಹ್ಯಾಂಡಲಿಗೆ ತಾಗುತ್ತಿತ್ತು. ಕೂಡುವವರ ಎತ್ತರ ನೋಡು ಅಂದಿದ್ದೆನಲ್ಲೋ ಅಂತ ಹುಸೇನಸಾಬ ನಕ್ಕ.

"ಅದನ್ನ ನೋಡೀನ್ರಿ. ಈ ಕೋಲು ನಮ್ಮ ಮನಿ ಮುಂದಿನ ಕಟ್ಟಿ ಅಳತಿ. ಅವ್ವ ಮೊಣಕಾಲು ನೋಯದಂಗ ಕೂಡೂದು ಅದೊಂದರ ಮ್ಯಾಲ ಅಷ್ಟ."

ಹುಸೇನಸಾಬನ ನಗು ನಿಂತಿತು. ಈ ಸಲ ಟವೆಲ್ ತಂದವನು ಅವನೇ. ತನ್ನ ಕೈ ಮೇಲೆ ತಾನೇ ಹಾಸಿ, ಹಿಡಿ ಅಂದ. ಎಷ್ಟಕ್ಕೆ ಮುಗಿಯಿತು ಅಂತ ಕೇಳಬೇಡಿ, ಟವೆಲಿನ ಕೆಳಗಿನ ಮಾತು ನನಗೂ ಗೊತ್ತಿಲ್ಲ.

ಬಾಳವ್ವ ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಎರಡು ಗಾಲಿಯ ಕೆಳಗೂ ನಿಂಬೆಹಣ್ಣು ಇಟ್ಟಳು. ಒಳ್ಳೇ ಕೆಲಸಕ್ಕೆ ಬಲಗಾಲು ಮುಂದಿಡಬೇಕು, ಮರೆಯಬೇಡ ಅಂದಳು. ಅವನು ಮರೆಯಲಿಲ್ಲ. ಹುಸೇನಸಾಬ ಶಾಲೆಯ ಮೈದಾನದಲ್ಲಿ ಓಡಿಸಲು ಕಲಿಸುತ್ತಿದ್ದರೆ, ಅಡಿವೆಪ್ಪ ಗಾಡಿ ಹತ್ತಿದ ಕೂಡಲೇ ಬಲಗಾಲು ಮುಂದಿಟ್ಟು ಗಟ್ಟಿಯಾಗಿ ಒತ್ತುತ್ತಿದ್ದ. ಗಾಡಿ ಗುರ್ ಅನ್ನುತ್ತಿತ್ತು, ಮುಗ್ಗರಿಸುತ್ತಿತ್ತು, ಆರುತ್ತಿತ್ತು. ಎರಡು ದಿನ ಹೀಗೇ ಆಯಿತು. ಹುಸೇನಸಾಬ ಗಾಡಿಯ ಹೊಟ್ಟೆ ಬಿಚ್ಚಿ ನೋಡಿದ, ಪೆಟ್ರೋಲ್ ಮೂಸಿ ನೋಡಿದ, ಮೂರನೆಯ ದಿನ ಅವನ ಕಾಲು ನೋಡಿದ. ಬಲಗಾಲ ಕೆಳಗೆ ಇರುವುದು ಬ್ರೇಕ್.

ಅವ್ವ ಹೇಳಿದಳು ಅಂತ ಅಡಿವೆಪ್ಪ ಅಂದ. ಹುಸೇನಸಾಬ ಕಿವಿ ಹಿಡಿದು, ಮನೆಯಲ್ಲಿ ಅವ್ವನ ಮಾತು ಕೇಳು, ಗಾಡಿಯ ವಿಷಯದಲ್ಲಿ ಮೇಡಂ ಹೇಳಿದ ನಿಯಮ ಕೇಳು, ಅದರಲ್ಲಿ ಕೂದಲೆಳೆಯಷ್ಟೂ ಬಿಡಬೇಡ ಅಂತ ಹೇಳಿದ. ಕಾಲು ತೆಗೆದ ಮೇಲೆ ಗಾಡಿ ಓಡಿತು. ಹೇಳಿದ ಹಾಗೆ ಕೇಳುವವನಿಗೆ ಗಾಡಿ ಬೇಗ ಬರುತ್ತದೆ, ವಾರದಲ್ಲಿ ಊರ ಸುತ್ತ ನೀಟಾಗಿ ಓಡಿಸತೊಡಗಿದ.

ಶ್ರಾವಣದ ಮೊದಲ ಸೋಮವಾರ ಬಂತು. ಬಾಳವ್ವ ಎದ್ದು ಮಿಂದು, ಇಳಕಲ್ ಸೀರೆ ಉಟ್ಟು, ಎಂಟು ಗಂಟೆಗೇ ಗಾಡಿಯ ಹತ್ತಿರ ಬಂದಳು. ಅಡಿವೆಪ್ಪ ಅಡ್ಡ ನಿಂತ.

"ನೀ ಕೂಡಂಗಿಲ್ಲವ್ವ. ಪಕ್ಕಾ ಲೈಸೆನ್ಸ್ ಬರೂ ತನಕ ಯಾರನ್ನೂ ಹಿಂದ ಕೂಡಿಸಬ್ಯಾಡ ಅಂದಾರ ಮೇಡಂ."

ಬಾಳವ್ವ ಬೈದಳು. ಬೇಡಿಕೊಂಡಳು. ಇವತ್ತು ಒಂದು ದಿನ ಯಾರು ನೋಡುತ್ತಾರೋ ಅಂದಳು. ಗಾಡಿಯ ವಿಷಯದಲ್ಲಿ ಅವ್ವನ ಮಾತು ಕೇಳಬಾರದು ಅಂತ ಅವನಿಗೆ ಹೇಳಿಯಾಗಿತ್ತು. ಅವನು ಅಲ್ಲಾಡಲಿಲ್ಲ. ಆಗ ಬಾಳವ್ವ ಕಟ್ಟೆಯ ಮೇಲೆ ಕೂತು ಅತ್ತಳು. ಎಷ್ಟೋ ಸಲ ಬೈದಿದ್ದಳು, ಎಷ್ಟೋ ಸಲ ಹಣೆ ಚಚ್ಚಿಕೊಂಡಿದ್ದಳು, ಅವನ ಎದುರು ಅತ್ತದ್ದು ಇದೇ ಮೊದಲು.

"ನಿಂದೇನೂ ತಪ್ಪಿಲ್ಲ ಬಿಡಪಾ. ಕಾಲು ಹೋದ ಮ್ಯಾಲೂ ದುಡಿದು ತಿನ್ನೂ ಆಸೆ ಇಟ್ಕೊಂಡಿದ್ದು ನಂದ ತಪ್ಪು."

ಅಡಿವೆಪ್ಪನಿಗೆ ಬುದ್ಧಿ ಹೇಳುವವರು ಯಾರೂ ಹತ್ತಿರ ಇರಲಿಲ್ಲ. ಹೇಳಬೇಕಾದವಳೇ ಅಳುತ್ತಿದ್ದಳು. ಹಾಗಾಗಿ ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದ, ತಾನೇ ಯೋಚನೆ ಮಾಡಿದ. ನೀನು ಓಡಿಸುವಾಗ ಅಂದಿದ್ದರು ಮೇಡಂ. ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡ. ಎದ್ದು ತನ್ನ ಹೆಲ್ಮೆಟನ್ನು ಅವ್ವನ ತಲೆಗೆ ಸೆರಗಿನ ಮೇಲೆಯೇ ಹಾಕಿ, ಪಟ್ಟಿ ಬಿಗಿದು, ಅವಳನ್ನು ಮಗುವಿನ ಹಾಗೆ ಎತ್ತಿ ಸೀಟಿನ ಮೇಲೆ ಕೂರಿಸಿದ. ಗಾಡಿಯ ಕೀ ತೆಗೆದು ಜೇಬಿಗೆ ಹಾಕಿಕೊಂಡ. ಹ್ಯಾಂಡಲ್ ಹಿಡಿದು ತಳ್ಳುತ್ತಾ ನಡೆದ.

ಐದು ಕಿಲೋಮೀಟರ್. ಏರು ಬಂದರೆ ಬಾಗಿ ತಳ್ಳಿದ, ಇಳಿಜಾರು ಬಂದರೆ ಜಗ್ಗಿ ಹಿಡಿದ. ಪೆಟ್ರೋಲ್ ಖಾಲಿಯಾಯಿತೇನೋ ಅಂತ ದಾರಿಯವರು ಕೇಳಿದರೆ, ತುಂಬ ಇದೆ ಅಂದ. ಕೆಟ್ಟಿತೇನೋ ಅಂದರೆ, ಚೆನ್ನಾಗಿದೆ ಅಂದ. ಪೇಟೆಯ ಹತ್ತಿರ ಮೇಡಂ ಅವರ ಜೀಪೇ ಎದುರಾಗಿ ನಿಂತಿತು. ಮೇಡಂ ಇಳಿದು ಬಂದು ಸುತ್ತ ನೋಡಿದರು. ಎಲ್ ಅಕ್ಷರ ಮುಂದೆಯೂ ಇತ್ತು, ಹಿಂದೆಯೂ ಇತ್ತು. ಹೆಲ್ಮೆಟ್ ಇತ್ತು. ಚೀಟಿ ಜೇಬಿನಲ್ಲಿತ್ತು. ಗಾಡಿ ಓಡಿಸುತ್ತಿರುವವರು ಮಾತ್ರ ಯಾರೂ ಇರಲಿಲ್ಲ. ಮೇಡಂ ಎದುರಿನ ಬಸ್ಸಿಗೆ ಕೈ ಅಡ್ಡ ಮಾಡಿ, ಇವರನ್ನು ರಸ್ತೆ ದಾಟಿಸಿ ಕಳಿಸಿದರು.

ಹತ್ತಕ್ಕೆ ಹತ್ತು ನಿಮಿಷವಿತ್ತು. ನೀಲವ್ವ ಖಾನಾವಳಿಯ ಬಾಗಿಲಲ್ಲಿ ಬಾಯಿ ಮೇಲೆ ಕೈಯಿಟ್ಟು ನಿಂತಳು. ಅಡಿವೆಪ್ಪ ಅವ್ವನನ್ನು ಇಳಿಸಿ, ತಲೆ ತಗ್ಗಿಸಿ, ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಬಾಳವ್ವ ಸೆರಗಿನಿಂದ ಅವನ ಮುಖದ ಬೆವರು ಒರೆಸಿದಳು, ಕೆನ್ನೆ ಸವರಿದಳು. ಮುಂದೇನು ಮಾಡು ಅಂತಲೂ ಹೇಳದೆ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅವತ್ತು ಉಂಡವರೆಲ್ಲ ಇನ್ನೊಂದು ರೊಟ್ಟಿ ಕೇಳಿದರು.

ನಾಲ್ಕು ಗಂಟೆಗೆ ಅವಳು ಹೊರಗೆ ಬಂದರೆ ಅಡಿವೆಪ್ಪ ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತಿದ್ದ. ಸ್ಟ್ಯಾಂಡ್ ಹಾಕಿರಲಿಲ್ಲ. ಎರಡೂ ಕೈ ಹ್ಯಾಂಡಲಿನ ಮೇಲೇ ಇದ್ದವು. ನೀಲವ್ವ ಕಳಿಸಿದ ಊಟದ ತಟ್ಟೆ ಕಟ್ಟೆಯ ಮೇಲೆ ಹಾಗೇ ಆರಿಹೋಗಿತ್ತು. ಮನೆಗೆ ಹೋಗಿ ಬರಬಾರದಿತ್ತೇನೋ, ಊಟವನ್ನಾದರೂ ಮಾಡಬಾರದಿತ್ತೇನೋ ಅಂತ ಬಾಳವ್ವ ಕೇಳಿದಳು.

"ಇವತ್ತ ನೀ ಏನೂ ಹೇಳಲೇ ಇಲ್ಲಲ್ಲವ್ವ," ಅಂದ ಅಡಿವೆಪ್ಪ.

ಬಾಳವ್ವ ಒಳಗಿಂದ ಬಿಸಿ ರೊಟ್ಟಿ ತಂದು ಮುರಿದು, ಪಲ್ಯ ಹಚ್ಚಿ, ಅವನ ಬಾಯಿಗಿಟ್ಟಳು. ಅಗಿ ಅಂದಳು. ಅವನು ಅಗಿದ. ನುಂಗು ಅಂದಳು. ಅವನು ನುಂಗಿದ.