ಎರಡನೆಯ ಪೆಟ್ಟಿಗೆ

ಘಟಪ್ರಭಾ ದಂಡೆಯ ಮೇಲೆ ಗದಿಗೆಪ್ಪ ಗುರುಗಳ ಆಶ್ರಮವಿತ್ತು. ಅಲ್ಲಿ ಮಂತ್ರ ಕಲಿಸುತ್ತಿರಲಿಲ್ಲ, ಆಟಿಕೆ ರೈಲು ಕಟ್ಟುವುದನ್ನು ಕಲಿಸುತ್ತಿದ್ದರು. ಗುರುಗಳು ಮೂವತ್ತು ವರ್ಷ ರೈಲ್ವೆಯಲ್ಲಿ ಸಿಗ್ನಲ್ಲು ನೋಡಿಕೊಂಡಿದ್ದವರು.

ಶಿಷ್ಯೆ ಕಸ್ತೂರಿ ಅಲ್ಲಿ ಐದು ವರ್ಷ ಬೆವರು ಸುರಿಸಿದ್ದಳು. ಅವಳು ಕಟ್ಟಿದ ರೈಲುದಾರಿಯನ್ನು ಗುರುಗಳು ಒಪ್ಪಿದರೆ ಊರಿಗೆ ಹೋಗಿ ಸ್ವಂತ ಶಾಲೆ ತೆರೆಯಬಹುದು. ಒಪ್ಪದಿದ್ದರೆ ಎಲ್ಲ ಬಿಚ್ಚಿ ಮೊದಲಿನಿಂದ ಕಟ್ಟಬೇಕು.

ಪರೀಕ್ಷೆಯ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ರೈಲು, ಸಿಗ್ನಲ್ ದೀಪ, ದಾರಿ ಬದಲಿಸುವ ಹನ್ನೆರಡು ಪಾಯಿಂಟು, ಎಲ್ಲಕ್ಕೂ ಒಂದೇ ಕರೆಂಟಿನ ಪೆಟ್ಟಿಗೆಯಿಂದ, ಹಳಿಯ ಮೂಲಕವೇ ಕರೆಂಟು ಕೊಟ್ಟಿದ್ದಳು.

"ಒಂದ ಪೆಟ್ಟಿಗಿ ಸಾಕಾತ್ರಿ," ಎಂದಳು ಎದೆಯುಬ್ಬಿಸಿ.

ಗುರುಗಳು ಹಳಿಯ ಪಕ್ಕ ಬಗ್ಗಿದರು. ರೈಲು ಬರುವಷ್ಟರಲ್ಲಿ ಒಂದು ಪಾಯಿಂಟನ್ನು ಬೆರಳಿನಿಂದ ತಪ್ಪು ದಾರಿಗೆ ತಳ್ಳಿದರು. ರೈಲಿನ ಗಾಲಿ ಅಲ್ಲಿ ಹೊಕ್ಕಿದ್ದೇ ತಡ, ಎರಡು ಹಳಿಯ ಕರೆಂಟು ಒಂದಕ್ಕೊಂದು ತಾಗಿ ಶಾರ್ಟ್ ಆಗಿ ಪೆಟ್ಟಿಗೆ ಬಂದ್ ಆಯಿತು. ರೈಲು ನಿಂತಿತು, ದೀಪಗಳು ಆರಿದವು.

"ಪಾಯಿಂಟು ತಿರುಗಸು. ಶಾರ್ಟು ಬಿಡ್ತೈತಿ," ಎಂದರು ಗುರುಗಳು.

ಕಸ್ತೂರಿ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಪಾಯಿಂಟು ಸರಿಯದೆ ಪೆಟ್ಟಿಗೆ ಏಳದು, ಪೆಟ್ಟಿಗೆ ಏಳದೆ ಪಾಯಿಂಟು ಸರಿಯದು. ಕೈಯಿಂದಲೇ ತಳ್ಳಲು ಹೋದಾಗ ಗುರುಗಳು ಅವಳ ಕೈ ಹಿಡಿದರು.

"ರೈಲು ಕರೆಂಟು ಎಲ್ಲಿ ಉಣ್ತೈತಿ?"

"ಹಳಿ ಮ್ಯಾಲರಿ."

"ಅದನ್ನ ಬಿಡಸೋ ಪಾಯಿಂಟು?"

ಅವಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ಅದ ತಾಟಿನ್ಯಾಗ್ರಿ," ಎಂದಳು.

ಬಿಚ್ಚು ಎಂದು ಗುರುಗಳು ಹೇಳುವ ಮೊದಲೇ ಇಕ್ಕಳ ತೆಗೆದುಕೊಂಡು ಕೂತಳು. ಪದ್ಧತಿಯಂತೆ ಹಳಿ, ತಂತಿ, ದೀಪ ಎಲ್ಲ ಬಿಚ್ಚಿದಳು. ತಿರುಗಿ ಕಟ್ಟಲು ಒಂದು ತಿಂಗಳು ಹಿಡಿಯಿತು. ಈ ಸಲ ಪಾಯಿಂಟು, ಸಿಗ್ನಲ್ಲುಗಳಿಗೆ ಎರಡನೆಯ ಪೆಟ್ಟಿಗೆ ಇಟ್ಟು, ಹಳಿಯನ್ನು ಎಲ್ಲಿಯೂ ಮುಟ್ಟದ ಹಾಗೆ ಬೇರೆ ತಂತಿ ಎಳೆದಳು.

ಆಮೇಲೆ ಗುರುಗಳನ್ನು ಕರೆದು, ಅವರ ಕಣ್ಣೆದುರೇ ತನ್ನ ರೈಲನ್ನು ತಾನೇ ತಪ್ಪು ದಾರಿಗೆ ಬಿಟ್ಟಳು. ರೈಲು ನಿಂತಿತು. ಹಳಿಯಲ್ಲಿ ಜೀವವಿರಲಿಲ್ಲ, ಆದರೆ ಸಿಗ್ನಲ್ ದೀಪ ಉರಿಯುತ್ತಲೇ ಇತ್ತು. ಗುಂಡಿ ಒತ್ತಿದಳು. ಪಾಯಿಂಟು ಟಕ್ಕೆಂದು ಸರಿಯಿತು, ಹಳಿಯ ಪೆಟ್ಟಿಗೆ ಎದ್ದಿತು, ರೈಲು ಏನೂ ಆಗಿಲ್ಲದ ಹಾಗೆ ಹೊರಟಿತು.

ಗುರುಗಳಿಗೆ ಹೆಮ್ಮೆ ತಡೆಯಲಾಗಲಿಲ್ಲ. ಅಡುಗೆಯವರನ್ನೂ ಒಲೆ ಬಿಡಿಸಿ ಕರೆತಂದು ಮೂರು ಸಲ ಮಾಡಿಸಿ ತೋರಿಸಿದರು. ನನ್ನ ಮೂವತ್ತು ವರ್ಷ ಇವತ್ತು ಸಾರ್ಥಕವಾಯಿತು ಎಂದು ಎಲ್ಲರೆದುರು ಹೇಳಿದರು.

ಕಸ್ತೂರಿ ಕಾಲಿಗೆರಗಿದಳು. "ಶಾಲಿ ತೆಗೀತೇನ್ರಿ. ಏನ ತೊಡಕ ಬಂದ್ರೂ ನಿಮ್ಮನ್ನ ಕೇಳೇ ಮಾಡತೇನ್ರಿ."

"ಬ್ಯಾಡ, ನನ್ನ ತಾಟಿನ್ಯಾಗ ಉಣ್ಣಬ್ಯಾಡ," ಎಂದರು ಗುರುಗಳು. "ಒಂದ ದಿನ ನಾನೂ ತಪ್ಪು ದಾರಿಗೆ ಹೊಕ್ಕು ನಿಂತೇನು. ಅವತ್ತ ನನ್ನ ಪಾಯಿಂಟು ತಿರುಗಸಾಕ ನೀ ಬೇಕು."