ಹಲ್ಲಿಯ ಲೆಕ್ಕ

ಕೆಂಚಿ ಎಂಬ ಕೋಳಿ ಮಂಗಳವಾರ ಬೆಳಿಗ್ಗೆ ಒಮ್ಮೆ ಸೀನಿತು ಎಂದು ತಿಳಿಸಲು ವಿಷಾದಿಸುತ್ತೇವೆ.

ಗೂಡಿನ ಗೋಡೆಯ ಮೇಲಿದ್ದ ಹಲ್ಲಿ ಲೆಕ್ಕ ಹಾಕಿ ಲೊಚಗುಟ್ಟಿತು: "ಒಬ್ಬಳಿಂದ ಇಬ್ಬರಿಗೆ, ಇಬ್ಬರಿಂದ ನಾಲ್ವರಿಗೆ ರೋಗ ಹರಡುತ್ತದೆ. ಎಲ್ಲರೂ ಒಂದೇ ಬೋಗುಣಿಯಲ್ಲಿ ನೀರು ಕುಡಿದರೆ ವಾರದಲ್ಲಿ ಗೂಡು ಖಾಲಿ."

"ಹಲ್ಲಿ ಶಕುನ ನುಡಿಯಿತು!" ಎಂದು ಕೋಳಿಗಳು ನಡುಗಿ, ಕೆಂಚಿಗೆ ಬೇರೆ ಬೋಗುಣಿ ಇಟ್ಟವು. ವಾರ ಕಳೆಯಿತು. ಯಾರೂ ಸಾಯಲಿಲ್ಲ.

"ಏನಯ್ಯಾ ಹಲ್ಲಿರಾಯ, ನಿನ್ನ ಶಕುನ ಸುಳ್ಳಾಯಿತಲ್ಲ!" ಎಂದು ಹುಂಜ ಹಂಗಿಸಿತು.

"ಅದು ಶಕುನವಲ್ಲ ಮಾರಾಯ, ಲೆಕ್ಕ. ಒಂದೇ ಬೋಗುಣಿಯಲ್ಲಿ ಕುಡಿದರೆ ಎಂದಿದ್ದೆ. ನೀವು ಕುಡಿಯಲಿಲ್ಲ, ಅದಕ್ಕೇ ಉಳಿದಿರಿ. ಕೆಂಚಿ ಇನ್ನೂ ಸೀನುತ್ತಿದ್ದಾಳೆ, ದಯವಿಟ್ಟು ಮತ್ತೆ ಬೋಗುಣಿ ಒಂದು ಮಾಡಬೇಡಿ!"

"ಸೋತ ಜೋಯಿಸರೆಲ್ಲ ಹೀಗೇ ಹೇಳುವುದು," ಎಂದು ಹುಂಜ ಕೆಂಚಿಯನ್ನು ಎಲ್ಲರ ಬೋಗುಣಿಗೇ ಕರೆಯಿತು.

ಆ ಗೂಡಿನಲ್ಲಿ ಈಗ ಸೌದೆ ಒಟ್ಟಿದ್ದಾರೆ. ಹಲ್ಲಿ ಅಲ್ಲೇ ಇದೆ.