ದಾನಮ್ಮ ಹೆದರಿದ ಕೋಣೆ

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಸುಟ್ಟ ಗಾಯದವರನ್ನು ಅಲ್ಲಿ ಆರೈಕೆ ಮಾಡುತ್ತಿದ್ದರು.

ಗುರು ಮಡಿವಾಳಜ್ಜ ಹಿಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಒಂದು ಕೋಣೆಯಲ್ಲಿ ಅವರೇ ಯಂತ್ರ ಕಟ್ಟಿಕೊಂಡಿದ್ದರು. ಪಾಲಿಮರ್ ದ್ರಾವಣ ತುಂಬಿದ ಸಿರಿಂಜು, ಎದುರಿಗೆ ಲೋಹದ ತಟ್ಟೆ, ಸೂಜಿಗೆ ಸಾವಿರಾರು ವೋಲ್ಟ್ ವಿದ್ಯುತ್ತು. ಸೂಜಿಯ ತುದಿಯ ಹನಿಯನ್ನು ವಿದ್ಯುತ್ತು ಜಗ್ಗಿ ಎಳೆಯುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ತಟ್ಟೆಯ ಮೇಲೆ ಕೂತು ಬಿಳಿ ಪೊರೆಯಾಗುತ್ತಿದ್ದವು.

ಗಾಯದ ಮೇಲೆ ಹಾಸಿದರೆ ಆ ಪೊರೆ ನಿಧಾನವಾಗಿ ಮೈಯಲ್ಲೇ ಕರಗುತ್ತಿತ್ತು. ಕಿತ್ತು ತೆಗೆಯುವ ನೋವಿರಲಿಲ್ಲ.

ಅಜ್ಜನ ಕೈ ಈಗ ನಡುಗುತ್ತಿತ್ತು. ಯಂತ್ರ ನಡೆಸುವುದು ಶಿಷ್ಯೆ ದಾನಮ್ಮನ ಕೆಲಸ.

ಒಂದು ದಿನ ಆಕೆ ಸ್ವಿಚ್ ಆರಿಸಿ ಸೂಜಿಗೆ ಕೈ ಹಾಕಿದಳು. ಯಂತ್ರದೊಳಗೆ ವಿದ್ಯುತ್ತು ಇನ್ನೂ ಉಳಿದಿತ್ತು. ಅದು ಆಕೆಯನ್ನು ಎತ್ತಿ ಗೋಡೆಗೆ ಒಗೆಯಿತು. ಎಚ್ಚರವಾದಾಗ ಬಾಯಿ ತುಂಬ ರಕ್ತ. ನಾಲಿಗೆ ಕಚ್ಚಿಕೊಂಡಿದ್ದಳು.

ಅಂದಿನಿಂದ ಆ ಹೊಸ್ತಿಲಿಗೆ ಬಂದರೆ ಸಾಕು, ಮೈ ಬೆವರುತ್ತಿತ್ತು. ಆಕೆ ಒಳಗೆ ಹೋಗಲಿಲ್ಲ. ಅಜ್ಜ ಕರೆಯಲೂ ಇಲ್ಲ.

ಇದ್ದ ಪೊರೆಗಳು ಮುಗಿದವು. ಅಷ್ಟರಲ್ಲಿ, ಸ್ಟವ್ ಸಿಡಿದು ಎದೆ, ತೋಳು ಸುಟ್ಟುಕೊಂಡ ಭೀಮವ್ವನನ್ನು ಕರೆತಂದರು. ಹತ್ತಿಬಟ್ಟೆಯ ಪಟ್ಟಿ ಬಿಚ್ಚುವಾಗ, ಬೆಳೆದಷ್ಟು ಹೊಸ ಚರ್ಮವೂ ಕಿತ್ತು ಬರುತ್ತಿತ್ತು. ಪಟ್ಟಿ ಬದಲಿಸುವ ಹೊತ್ತಾದರೆ ಭೀಮವ್ವ ಮಂಚದ ಕಂಬಿ ಹಿಡಿದು, "ಇವತ್ತೊಂದಿನ ಬ್ಯಾಡ್ರೆವ್ವಾ" ಎಂದು ಚೀರುತ್ತಿದ್ದಳು.

ದಾನಮ್ಮ ಕಿವಿ ಮುಚ್ಚಿಕೊಂಡು ಅಜ್ಜನ ಬಳಿ ಓಡಿದಳು.

"ಅಜ್ಜಾ, ಆಕೀ ಕೂಗು ಕೇಳಾಕ ಆಗವಲ್ದು. ನನ್ನ ಅಂಜಿಕಿ ತಗದು ಬಿಡ್ರಿ. ಒಳಗ ಹೋಗ್ತೀನಿ."

"ಎಲ್ಲೈತಿ ನಿನ್ನ ಅಂಜಿಕಿ?"

"ಎದಿಯಾಗ ಐತ್ರಿ."

"ಅದಲ್ಲ. ಆ ಕೋಣ್ಯಾಗ ಎಲ್ಲೈತಿ? ತೋರಸು."

ಹೊಸ್ತಿಲಲ್ಲೇ ನಿಂತು ದಾನಮ್ಮ ಬೆರಳು ಚಾಚಿದಳು. "ಆ ಸೂಜಿಯಾಗ. ಆ ತಂತಿ ಜೋಡಿಸಿದಲ್ಲಿ. ಮತ್ತ... ಸ್ವಿಚ್ ಆರಿಸಿದ ಮ್ಯಾಲೆ."

"ನಿನ್ನ ಅಂಜಿಕಿ ಎಲ್ಲಾ ಖರೇನ ಹೇಳಾಕತ್ತೈತಿ. ಅದನ್ನ ಯಾಕ ತಗೀಲಿ?"

ಉಳಿದ ವಿದ್ಯುತ್ತನ್ನು ನೆಲಕ್ಕಿಳಿಸುವ, ತಂತಿ ಕಟ್ಟಿದ ಅರ್ಥಿಂಗ್ ಕೋಲನ್ನು ಅಜ್ಜ ಆಕೆಯ ಕೈಗಿಟ್ಟರು. "ಹೋಗು. ನಿನ್ನ ಅಂಜಿಕೀನೂ ಸಂಗಡ ಕರಕೊಂಡ ಹೋಗು."

ಆಕೆ ಒಳಗೆ ಹೋದಳು. ಸ್ವಿಚ್ ಒತ್ತಿದಳು. ಪೊರೆ ಕೂಡಿತು. ಸ್ವಿಚ್ ಆರಿಸಿದಳು. ಕೈ ಮುಂದೆ ಹೋಗಲೊಲ್ಲದು. ಕೋಲು ಚಾಚಿ ಸೂಜಿಗೆ ಮುಟ್ಟಿಸಿದಳು.

ಚಟ್ಟನೆ ಕಿಡಿ ಹಾರಿತು.

ದಾನಮ್ಮ ಹೊರಗೋಡಿ ಬಂದು ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಮತ್ತೆ ಒಳಗೆ ಹೋದಳು.

ಆ ಸಂಜೆ ಕೊನೆಯ ಹತ್ತಿಪಟ್ಟಿ ಬಿಚ್ಚಿ ಪೊರೆ ಹಾಸಿದರು. ಮರುದಿನ ಹೊತ್ತಾಯಿತೆಂದು ಭೀಮವ್ವ ಕಣ್ಣು ಮುಚ್ಚಿ ಕಂಬಿ ಹಿಡಿದಳು.

"ಇವತ್ತ ತಗಿಯೂದು ಏನಿಲ್ಲ ಭೀಮವ್ವ," ಎಂದಳು ದಾನಮ್ಮ.

ಭೀಮವ್ವ ನಂಬಲಿಲ್ಲ. ಆಕೆಯ ಬೆರಳುಗಳು ಕಂಬಿ ಬಿಡಲು ಬಹಳ ಹೊತ್ತು ಬೇಕಾಯಿತು.

ಗಾಯ ಮಾಯಿತು. ಭೀಮವ್ವ ನಡೆದುಕೊಂಡೇ ಊರಿಗೆ ಹೋದಳು. ಬೇರೆಯವರು ಬಂದರು. ದಾನಮ್ಮ ದಿನವೂ ನಡುಗುತ್ತಲೇ ಒಳಗೆ ಹೋಗುತ್ತಿದ್ದಳು, ದಿನವೂ ಕೋಲು ಮುಟ್ಟಿಸುತ್ತಿದ್ದಳು.

ಒಂದು ಮುಂಜಾನೆ ಆಕೆ ನಗುನಗುತ್ತ ಬಾಗಿಲ ಚಿಲಕಕ್ಕೆ ಕೈ ಹಾಕಿದಳು.

"ಅಜ್ಜಾ, ನೋಡ್ರಿ ಕೈ! ಒಂಚೂರೂ ನಡಗವಲ್ದು. ಅಂಜಿಕಿ ಹೋಗೇ ಬಿಟ್ಟೈತ್ರಿ. ಇನ್ನ ಕಣ್ಣ ಮುಚ್ಚಿ ಮಾಡ್ತೀನಿ."

ಅಜ್ಜನ ಮುಖ ಬಿಳಿಚಿತು. ಧಡಕ್ಕನೆ ಎದ್ದು ಬಂದು ಆಕೆಯ ಕೈಯನ್ನು ಚಿಲಕದಿಂದ ಬಿಡಿಸಿದರು.

"ಇವತ್ತ ಒಳಗ ಹೋಗಬ್ಯಾಡ ಮಗಳ. ನಿನ್ನ ಪಾಲಿನ ಅಂಜಿಕೀನೂ ನನಗ ಬಂದೈತಿ."